ಕಡಲ ಬದಿಯ ಮನೆ ಗಟ್ಟಿಯಾಗೋದು ಯಾರ ಖರ್ಚಲ್ಲಿ?

ಬೆಂಗಳೂರಲ್ಲಿ ದುಡಿದು, ಕರಾವಳಿಯಲ್ಲಿ ರಜೆಗೊಂದು ಹಳೇ ಮನೆ ಕೊಂಡವರು ಮೊದಲು ಮಾಡೋದೇನು ಗೊತ್ತಾ? ಹಂಚು ಇಳಿಸಿ ಆರ್‌ಸಿಸಿ ತಾರಸಿ ಹಾಕಿಸೋದು. ನಿರ್ವಹಣೆ ಕಮ್ಮಿ ಅನ್ನೋ ಲೆಕ್ಕ. ಆದರೆ ಉಪ್ಪುಗಾಳಿಯ ಕ್ಲೋರೈಡ್ ಕಾಂಕ್ರೀಟಿಗಿಳಿದು ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತೆ. ತುಕ್ಕು ಉಬ್ಬಿ ತಾರಸಿಯೇ ಸಿಡಿಯುತ್ತೆ. ಐಎಸ್ 456 ಪ್ರಕಾರ ಕರಾವಳಿಯಲ್ಲಿ ಸರಳಿನ ಮೇಲೆ ಕನಿಷ್ಠ 45 ಮಿ.ಮೀ. ಕಾಂಕ್ರೀಟ್ ಇರಬೇಕು. ವರ್ಷಕ್ಕೆ ನಾಲ್ಕು ಸಲ ಬರುವ ಮಾಲೀಕರು ಇದನ್ನು ನಿಂತು ನೋಡ್ತಾರಾ? ಮುರಕಲ್ಲು ಗೋಡೆ, ಮಂಗಳೂರು ಹಂಚಿನ ಮನೆಯಲ್ಲಿ ಒಡೆದ ಹಂಚಷ್ಟೇ ಬದಲಿಸಿದರಾಯ್ತು. (ಪಕ್ಕಾಸಿಗೆ ಗೆದ್ದಲಿನ ಕಾಟ ಇದೆ, ನಿಜ.)

ಅದು ಅವರ ದುಡ್ಡು, ಬಿಡಿ. ನನ್ನ ತಕರಾರು ಮನೆ ಮುಂದಿನ ಕಲ್ಲಿನ ತಡೆಗೋಡೆ ಬಗ್ಗೆ. ಗೋಡೆ ಮುಗಿಯುವಲ್ಲಿ ಅಲೆ ಪಕ್ಕಕ್ಕೆ ತಿರುಗಿ ಮರಳು ಕೊರೆಯುತ್ತೆ. ಆ ಪಕ್ಕದಲ್ಲಿ ಮೀನುಗಾರರ ಮನೆ, ದೋಣಿ ಎಳೆಯೋ ಜಾಗ ಇದ್ದರೆ?

2019ರ ಸಿಆರ್‌ಝಡ್ ಅಧಿಸೂಚನೆ, ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಕರಾವಳಿಯಲ್ಲಿ ನಿರ್ಮಾಣ ನಿಷೇಧ ವಲಯವನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಜನ ಕಮ್ಮಿ ಇರುವಲ್ಲಿ 200 ಹಾಗೇ ಉಳಿದಿದೆ. ವಲಯದೊಳಗಿನ ಅಧಿಕೃತ ಹಳೇ ಮನೆಯನ್ನು ದುರಸ್ತಿ ಮಾಡಬಹುದು, ಕಟ್ಟಬಹುದು ಕೂಡ. ತಳಪಾಯದ ವಿಸ್ತೀರ್ಣ ಮಾತ್ರ ಹೆಚ್ಚಬಾರದು. ದುರಸ್ತಿ ಹೆಸರಲ್ಲಿ ರೂಮು, ಜಗಲಿ ಎಲ್ಲ ಬೆಳೆಯೋದು ಇಲ್ಲೇ. ಹಳೇ ಅಳತೆ ಎಷ್ಟು, ಈಗ ಎಷ್ಟು, ತಡೆಗೋಡೆಗೆ ಅನುಮತಿ ಕೊಟ್ಟಿದ್ಯಾರು ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ವೀಕೆಂಡಿಗೆ ಬರುವವರಂತೂ ಅಲ್ಲಿರಲ್ಲ.