ಗಾಯರಾಣದ ಹುಲ್ಲನ್ನೂ ತೂಗಬೇಕು

ಗೋವಿನಜೋಳವನ್ನು ಕ್ವಿಂಟಲಿನಿಂದಲೂ ಹಾಲನ್ನು ಲೀಟರಿನಿಂದಲೂ ಅಳೆಯಬಲ್ಲ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಕೃಷಿಕ ಸಮಾಜದಲ್ಲಿ, ಆ ಹಾಲಿಗೂ ಎತ್ತಿನ ಬಲಕ್ಕೂ ಆಧಾರಭೂತವಾದ ಗಾಯರಾಣದ, ಅಂದರೆ ಊರ ಗೋಮಾಳದ, ಹುಲ್ಲು ಪ್ರತಿವರ್ಷ ಎಷ್ಟು ಬೆಳೆಯಿತೆಂಬುದನ್ನು ತೂಗಿ ನೋಡುವ ಪದ್ಧತಿಯು ಇನ್ನೂ ರೂಢಿಗೆ ಬಾರದಿರುವುದು ನನಗೆ ಬಹಳ ವ್ಯಸನದ ಸಂಗತಿಯಾಗಿ ತೋರುತ್ತದೆ.

ನಮ್ಮ ಶಾಸನವೂ ನೆಲವನ್ನು ಅಳೆಯಿತೇ ಹೊರತು ಹುಲ್ಲನ್ನು ಅಳೆಯಲಿಲ್ಲ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರಿನಂತೆ ಊರೂರಿಗೂ ಗೋಮಾಳವನ್ನು ಕಾಯ್ದಿರಿಸತಕ್ಕದ್ದೆಂದು ವಿಧಿಸಿವೆ. ಅಷ್ಟು ಭೂಮಿಯೂ ಅತಿಕ್ರಮಣಕ್ಕೊಳಗಾಗದೆ ಉಳಿದಿದೆಯೆಂದೇ ಭಾವಿಸೋಣ. ಮಳೆಗಾಲದ ಅಂತ್ಯಕ್ಕೆ ಒಂದು ಚದರ ಮೀಟರಿನಲ್ಲಿ 200 ಗ್ರಾಂ ಒಣಹುಲ್ಲು ದೊರೆಯಿತೆಂದೂ, ಬೇರು ಬದುಕಿ ಮರಳಿ ಚಿಗುರಲೆಂದು ಅದರಲ್ಲಿ ಅರ್ಧವನ್ನು ನೆಲದಲ್ಲಿಯೇ ಬಿಟ್ಟೆವೆಂದೂ ಇಟ್ಟುಕೊಂಡರೆ, ದನಗಳ ಪಾಲಿಗೆ ಬರುವುದು 12,000 ಕಿಲೋ ಮಾತ್ರ. 300 ಕಿಲೋ ತೂಕದ ಆಕಳು ದಿನವೊಂದಕ್ಕೆ ತನ್ನ ತೂಕದ ನೂರಕ್ಕೆ ಎರಡೂವರೆ ಪಾಲಿನಷ್ಟು, ಅಂದರೆ ಏಳೂವರೆ ಕಿಲೋ ಒಣಮೇವನ್ನು ಬಯಸುವುದರಿಂದ, ಆ ಹುಲ್ಲು ನೂರು ದನಗಳಿಗೆ ಹದಿನಾರೇ ದಿನಗಳಲ್ಲಿ ತೀರಿಹೋಗುತ್ತದೆ. ಎಕರೆಗಳ ಅಂಕಿಯನ್ನು ನಂಬಿ ವರ್ಷವಿಡೀ ದನ ಬಿಡುವ ಊರು ತನ್ನ ಗಾಯರಾಣವನ್ನು ಬರಿನೆಲವಾಗಿಸದೆ ಇನ್ನೇನು ಮಾಡೀತು?

ಅಳತೆಯ ವಿಧಾನವಾದರೋ ಅತಿ ಸರಳ. ಒಂದು ಮೀಟರ್ ಚೌಕದ ಬಿದಿರಿನ ಚೌಕಟ್ಟು, ಕುಡುಗೋಲು, ತಕ್ಕಡಿ ಇದ್ದರೆ ಸಾಕು. ಸೊಂಪಾದ ಜಾಗವನ್ನೇ ಆರಿಸಿಕೊಳ್ಳದೆ ಹತ್ತಿಪ್ಪತ್ತು ಕಡೆ ಚೌಕಟ್ಟನ್ನಿಟ್ಟು, ಒಳಗಿನ ಹುಲ್ಲನ್ನು ಕೊಯ್ದು, ಒಣಗಿಸಿ ತೂಗಬೇಕು. ಮೇಯ್ದ ನೆಲದಲ್ಲಿ ಉಳಿಕೆ ಕಾಣುವುದೇ ಹೊರತು ಬೆಳವಣಿಗೆ ಕಾಣದಾದುದರಿಂದ, ಕೆಲವು ತುಣುಕುಗಳಿಗೆ ಮುಳ್ಳುಬೇಲಿ ಹಾಕಿ ಕಾಯುವುದೂ ಅವಶ್ಯಕ. ನ್ಯೂಜಿಲೆಂಡಿನ ಹೈನುಗಾರರು ಹುಲ್ಲಿನ ಎತ್ತರವನ್ನಳೆಯುವ ತಟ್ಟೆಯ ಉಪಕರಣವನ್ನು ಹಿಡಿದು ಹೊಲ ಸುತ್ತಿ ಮೇವಿನ ಲೆಕ್ಕವಿಡುತ್ತಾರೆ. ನಾಲ್ಕೈದು ತಿಂಗಳಲ್ಲಿಯೇ ಬೆಳೆದು, ಹೂಬಿಟ್ಟ ಮೇಲೆ ಸತ್ವಗುಂದುವ ನಮ್ಮ ಹುಲ್ಲಿಗೆ ಆ ಲೆಕ್ಕದ ಅಗತ್ಯ ಇನ್ನೂ ಹೆಚ್ಚು. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನ ಅಂಕಿಯು ಬಯಲಿನ ಸವಣೂರಿಗೆ ಸಲ್ಲದು.

ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಶಿಗ್ಗಾಂವಿ ತಾಲೂಕಿನಲ್ಲಿ, ನವಿಲುಗಳಿಗೆ ಹೆಸರಾದ ಬಂಕಾಪುರದ ಕೋಟೆಯೊಳಗೆ, ಖಿಲಾರಿ ತಳಿಯ ಸಂವರ್ಧನ ಕೇಂದ್ರವಿದೆ. ಇವುಗಳ ಮಾರ್ಗದರ್ಶನದಲ್ಲಿ ಗ್ರಾಮಪಂಚಾಯತಿಗಳು ಶ್ರಾವಣದಲ್ಲೊಮ್ಮೆ, ಮಹಾನವಮಿಯ ಹೊತ್ತಿಗೊಮ್ಮೆ ಹುಲ್ಲನ್ನು ತೂಗಿಸಿ, ದೀಪಾವಳಿಗೆ ಮುನ್ನ ಗ್ರಾಮಸಭೆಯಲ್ಲಿ ಆ ಲೆಕ್ಕವನ್ನು ಓದಿಸಲಿ. ಗಾಯರಾಣದಲ್ಲಿ ದನಗಳನ್ನು ಎಷ್ಟು ದಿನ ಬಿಡಬಹುದು, ಯಾವ ಭಾಗಕ್ಕೆ ವಿಶ್ರಾಂತಿ ಕೊಡಬೇಕು, ಗೋವಿನಜೋಳ ಹಬ್ಬಿದಂತೆ ಬಿಳಿಜೋಳದ ಕಣಿಕೆ ಕ್ಷೀಣಿಸಿದ ಈ ಸೀಮೆಯಲ್ಲಿ ಕಾರಹುಣ್ಣಿಮೆಯವರೆಗೆ ಸಾಲುವಂತೆ ಪ್ರತಿ ಮನೆಯ ಬಣವೆಯಲ್ಲಿ ಎಷ್ಟು ಮೇವು ಉಳಿಯಬೇಕು ಎಂಬುದನ್ನು, ಮೇವು ಮಾರಾಟವಾಗಿ ಊರು ದಾಟುವ ಮೊದಲೇ, ಆ ಸಭೆಯೇ ನಿರ್ಣಯಿಸಲಿ.