ಬೀಗದ ಕೈ ಪೆಟ್ಟಿಗೆಯೊಳಗೇ ಇದ್ದರೆ?

ಸಿರುಗುಪ್ಪ ತಾಲ್ಲೂಕಿನ ರಾರಾವಿಯಿಂದ ಎಂಟನೇ ತರಗತಿಯ ಹುಡುಗನೊಬ್ಬ ಈ ಅಂಕಣಕ್ಕೆ ಪತ್ರ ಬರೆದಿದ್ದಾನೆ. ಅವನ ತಾತ ಹಿಂದೆ ಬಯಲಾಟದಲ್ಲಿ ಪಾತ್ರ ಮಾಡುತ್ತಿದ್ದರಂತೆ. ಜಾತ್ರೆಯಲ್ಲಿ ಆಡಿದ ಒಂದು ಆಟವನ್ನು ಯಾರೋ ರೆಕಾರ್ಡ್ ಮಾಡಿ, ಅದರಲ್ಲಿ ತಾತ ಹಾಡಿದ ಪದಗಳನ್ನಷ್ಟೇ ಆರಿಸಿ ಸಿಡಿಗೆ ಹಾಕಿಸಿ ಕೊಟ್ಟಿದ್ದರು. ಮನೆಯಲ್ಲಿರುವುದು ಅದೊಂದೇ ಸಿಡಿ. ತಾತನಿಗೆ ಈಗ ಹಾಡಲು ಉಸಿರು ಸಾಲದು. ಸಿಡಿಗೂ ವಯಸ್ಸಾಗಿದೆ, ಅಲ್ಲಲ್ಲಿ ತಡವರಿಸುತ್ತದೆ. ಅದರ ಪ್ರತಿ ಮಾಡಿಡೋಣವೆಂದು ಮನೆಯವರು ಒಂದು ಡಿವಿಡಿ ರೈಟರ್ ತಂದಿದ್ದಾರೆ. ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಅದು ಕಾಣಿಸುತ್ತಲೇ ಇಲ್ಲ. ಡಬ್ಬಿಯ ಮೇಲೆ ನೋಡಿದರೆ, ಜೊತೆಗೆ ಕೊಟ್ಟಿರುವ ಸಿಡಿಯಿಂದ ಡ್ರೈವರ್ ಮತ್ತು ಸಾಫ್ಟ್‌ವೇರ್ ಹಾಕಿಕೊಳ್ಳಿ ಎಂದಿದೆ. “ಸಿಡಿ ಓದಬೇಕಾದರೆ ಡ್ರೈವರ್ ಬೇಕು. ಡ್ರೈವರ್ ಇರುವುದು ಸಿಡಿಯೊಳಗೆ. ಇದೆಂಥ ಲೆಕ್ಕ?” ಎಂಬುದು ಅವನ ಪ್ರಶ್ನೆ.

ಒಳ್ಳೆಯ ಪ್ರಶ್ನೆ. ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗಾಯಿತು. ಈ ವಾರ ಇದನ್ನೇ ಬಿಡಿಸೋಣ.

ಮೊದಲು ಡ್ರೈವರ್ ಎಂದರೇನು ನೋಡೋಣ. ರಾರಾವಿಯವರು ವೇದಾವತಿ ಹೊಳೆ ದಾಟಿ ಆಂಧ್ರದ ಆದೋನಿಗೆ ಹೋಗಿ ಬರುವುದುಂಟು. ಕನ್ನಡ ಬಿಟ್ಟರೆ ಬೇರೆ ಮಾತು ಬಾರದ ರೈತನೊಬ್ಬ ಆದೋನಿಯ ಹತ್ತಿ ಮಾರುಕಟ್ಟೆಗೆ ಹೋದ ಎಂದುಕೊಳ್ಳಿ. ಅಲ್ಲಿನ ವ್ಯಾಪಾರಿಗೆ ತೆಲುಗು ಮಾತ್ರ ಗೊತ್ತು. ರೈತನಿಗೆ ಹತ್ತಿ ಗೊತ್ತು, ವ್ಯಾಪಾರಿಗೆ ದರ ಗೊತ್ತು. ಆದರೂ ನಡುವೆ ಎರಡೂ ಮಾತು ಬಲ್ಲ ಒಬ್ಬರು ನಿಲ್ಲದೆ ವ್ಯಾಪಾರ ಕುದುರದು. ಕಂಪ್ಯೂಟರಿಗೂ ಅದಕ್ಕೆ ಜೋಡಿಸುವ ಯಂತ್ರಕ್ಕೂ ನಡುವೆ ನಿಲ್ಲುವ ಆ ದುಭಾಷಿಯೇ ಡ್ರೈವರ್. ‘ತಟ್ಟೆ ತಿರುಗಿಸು’, ‘ಇಲ್ಲಿಂದ ಓದು’, ‘ಇಲ್ಲಿ ಬರೆ’ ಎಂಬ ಕಂಪ್ಯೂಟರಿನ ಅಪ್ಪಣೆಯನ್ನು ಯಂತ್ರಕ್ಕೆ ತಿಳಿಯುವಂತೆ ದಾಟಿಸುವ ಪುಟ್ಟ ಪ್ರೋಗ್ರಾಮ್ ಅದು.

ಸಾಫ್ಟ್‌ವೇರ್ ಬೇರೆ. ಯಾವ ಫೈಲುಗಳನ್ನು ಬರೆಯಬೇಕು, ಯಾವ ಕ್ರಮದಲ್ಲಿ, ಎಷ್ಟು ವೇಗದಲ್ಲಿ ಎಂದು ನಮ್ಮಿಂದ ಕೇಳಿ ತಿಳಿದು ಕೆಲಸ ಮಾಡಿಸುವುದು ಅದು. ಡ್ರೈವರ್ ದುಭಾಷಿಯಾದರೆ ಸಾಫ್ಟ್‌ವೇರ್ ಮೇಸ್ತ್ರಿ ಎನ್ನಬಹುದು.

ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಅದು ಮೊದಲಿಗೆ ಹಾಡು ಕೇಳಲೆಂದೇ ಇತ್ತು, ಕಂಪ್ಯೂಟರಿಗೆ ಬಂದದ್ದು ಆಮೇಲೆ. ಡಾಸ್ ಎಂಬ ಹಳೆಯ ವ್ಯವಸ್ಥೆಯಿದ್ದ ಕಾಲದಲ್ಲಿ ಸಿಡಿ ಡ್ರೈವಿಗೆ ಡ್ರೈವರನ್ನು ನಾವೇ ಹಾಕಬೇಕಿತ್ತು. ಆ ಡ್ರೈವರ್ ಸಿಡಿಯಲ್ಲಿ ಬರುತ್ತಿರಲಿಲ್ಲ, ಫ್ಲಾಪಿಯಲ್ಲಿ ಬರುತ್ತಿತ್ತು. ಬೀಗದ ಕೈ ಪೆಟ್ಟಿಗೆಯ ಹೊರಗಿರಬೇಕು ಎಂಬುದು ಅವರಿಗೂ ಗೊತ್ತಿತ್ತು! ಫ್ಲಾಪಿ ಕಾಣದ ಮಕ್ಕಳು ಮನೆಯ ಹಿರಿಯರನ್ನು ಕೇಳಿ. ಕಂಪ್ಯೂಟರಿನಲ್ಲಿ ಫೈಲ್ ಉಳಿಸಲು ಒತ್ತುವ ಗುಂಡಿಯ ಮೇಲಿನ ಚಿತ್ರ ಅದರದೇ.

ಆಮೇಲೆ ಸಿಡಿ, ಡಿವಿಡಿ ಡ್ರೈವ್ ತಯಾರಿಸುವವರೆಲ್ಲ ಒಂದೇ ಬಗೆಯ ಅಪ್ಪಣೆಗಳ ಪಟ್ಟಿಗೆ ಒಪ್ಪಿಕೊಂಡರು. ಎಲ್ಲ ಡ್ರೈವುಗಳೂ ಒಂದೇ ಭಾಷೆ ಆಡತೊಡಗಿದ ಮೇಲೆ ಒಬ್ಬನೇ ದುಭಾಷಿ ಸಾಕಾಯಿತು. ಆ ದುಭಾಷಿ ವಿಂಡೋಸ್‌ನೊಳಗೇ ಕುಳಿತಿದ್ದಾನೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಮುಂದೆ ಸಿಡಿ ಬರೆಯುವ ಮೇಸ್ತ್ರಿಯೂ ಒಳಗೇ ಬಂದ. ಡಿವಿಡಿ ಬರೆಯುವ ವಿದ್ಯೆ ವಿಂಡೋಸ್ ವಿಸ್ತಾದಲ್ಲಿ ಸೇರಿತು. ಲಿನಕ್ಸ್‌ನಲ್ಲೂ ಡ್ರೈವರ್ ಮೊದಲೇ ಇರುತ್ತದೆ. ಕಾಸರಗೋಡಿನ ಸರ್ಕಾರಿ ಶಾಲೆಗಳ ನಮ್ಮ ಕನ್ನಡದ ಮಕ್ಕಳು ಕಲಿಯುವುದು ಲಿನಕ್ಸ್‌ನಲ್ಲೇ. ಅವರೂ ಈ ಡ್ರೈವರಿಗಾಗಿ ಎಲ್ಲೂ ಹುಡುಕಬೇಕಿಲ್ಲ.

ಹಾಗಾದರೆ ರಾರಾವಿಯ ಹುಡುಗನ ರೈಟರ್ ಯಾಕೆ ಕಾಣಿಸಲಿಲ್ಲ? ಒಂದೊಂದಾಗಿ ನೋಡುತ್ತ ಹೋಗೋಣ.

ಮೊದಲು ಕೇಬಲ್. ಬರೆಯುವಾಗ ಲೇಸರ್ ಉರಿಯಬೇಕು, ತಟ್ಟೆ ತಿರುಗಬೇಕು. ಅದಕ್ಕೆ ಓದುವಾಗಿನದಕ್ಕಿಂತ ಹೆಚ್ಚು ವಿದ್ಯುತ್ ಬೇಕು. ಹಳೆಯ ಯುಎಸ್‌ಬಿ 2 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಕೆಲವು ರೈಟರುಗಳ ಕೇಬಲಿಗೆ ಎರಡು ಬಾಲ ಇರುವುದು ಇದಕ್ಕೇ. ಒಂದನ್ನು ಬಿಟ್ಟು ಒಂದನ್ನೇ ಚುಚ್ಚಿದರೆ ಯಂತ್ರ ಅರೆಹೊಟ್ಟೆಯಲ್ಲಿ ಕೂತಂತೆ. ಎರಡನ್ನೂ ಚುಚ್ಚಿ. ನಡುವೆ ಹಬ್ ಬೇಡ, ನೇರವಾಗಿ ಕಂಪ್ಯೂಟರಿಗೇ ಜೋಡಿಸಿ. ಟೇಬಲ್ ಮೇಲಿಡುವ ದೊಡ್ಡ ಕಂಪ್ಯೂಟರಾದರೆ ಹಿಂಬದಿಯ ಕಿಂಡಿ ಒಳ್ಳೆಯದು.

ಎರಡನೆಯದು, ‘ದಿಸ್ ಪಿಸಿ’ ತೆರೆದು ನೋಡಿ. ಡಿವಿಡಿಯ ಚಿತ್ರ ಕಂಡರೆ ಡ್ರೈವರ್ ಕೆಲಸ ಶುರುಮಾಡಿದೆ ಎಂದರ್ಥ. ಇನ್ನೇನೂ ಹಾಕಬೇಕಿಲ್ಲ.

ಕಾಣದಿದ್ದರೆ ಮೂರನೆಯ ಹೆಜ್ಜೆ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಅಲ್ಲಿ ‘ಡಿವಿಡಿ/ಸಿಡಿ-ರಾಮ್ ಡ್ರೈವ್ಸ್’ ಎಂಬ ಸಾಲಿನಡಿ ನಿಮ್ಮ ರೈಟರಿನ ಹೆಸರಿಗೆ ಹಳದಿ ಗುರುತು ಬಿದ್ದಿದ್ದರೆ ದುಭಾಷಿ ಎಲ್ಲೋ ಎಡವಿದ್ದಾನೆ. ಆ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಆರಿಸಿ. ಹೆದರಬೇಡಿ, ಇದರಿಂದ ಯಂತ್ರವೂ ಕೆಡುವುದಿಲ್ಲ, ಫೈಲುಗಳೂ ಹೋಗುವುದಿಲ್ಲ. ಕೇಬಲ್ ಕಿತ್ತು, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಮತ್ತೆ ಚುಚ್ಚಿ. ವಿಂಡೋಸ್ ತಾನೇ ಡ್ರೈವರನ್ನು ಹೊಸದಾಗಿ ಕೂರಿಸಿಕೊಳ್ಳುತ್ತದೆ. ಆ ಪಟ್ಟಿಯಲ್ಲೂ ರೈಟರಿನ ಹೆಸರಿಲ್ಲದಿದ್ದರೆ ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಹಾಕಿ ನೋಡಿ. ಅಲ್ಲೂ ಕಾಣದಿದ್ದರೆ ಯಂತ್ರವೇ ಕೆಟ್ಟಿರಬೇಕು, ಅಂಗಡಿಗೆ ವಾಪಸ್ ಒಯ್ಯಿರಿ.

ನಾಲ್ಕನೆಯದು ಎಚ್ಚರಿಕೆ. ‘ಉಚಿತ ಡ್ರೈವರ್ ಇಲ್ಲಿದೆ’ ಎಂದು ಇಂಟರ್‌ನೆಟ್‌ನಲ್ಲಿ ಮಿನುಗುವ ಗುಂಡಿಗಳನ್ನು ಒತ್ತಬೇಡಿ. ಇಲ್ಲದ ರೋಗಕ್ಕೆ ಸಂತೆಯಲ್ಲಿ ಮದ್ದು ಕೊಂಡ ಹಾಗಾಗುತ್ತದೆ. ಅದರ ಹಿಂದೆಯೇ ವೈರಸ್ ಬರಬಹುದು. ನಿಜವಾಗಿಯೂ ಏನಾದರೂ ಬೇಕಾದರೆ ರೈಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಹಿಡಿದು ತಯಾರಿಸಿದ ಕಂಪನಿಯ ಜಾಲತಾಣದಲ್ಲೇ ನೋಡಿ, ಅದೂ ಮನೆಯ ದೊಡ್ಡವರ ಜೊತೆ ಕೂತು.

ಈಗ ರೈಟರ್ ಕಾಣಿಸಿತು ಎನ್ನೋಣ. ತಕ್ಷಣ ಹೊಸ ಸಿಡಿ ಬರೆಯಲು ಹೋಗಬೇಡಿ. ಮೊದಲು ಹಳೆಯ ಸಿಡಿಯಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಮೆತ್ತನೆಯ ಹತ್ತಿ ಬಟ್ಟೆಯಿಂದ ಅದನ್ನು ಒರೆಸಿ. ರೊಟ್ಟಿ ತಟ್ಟುವ ಹಾಗೆ ಸುತ್ತಲೂ ತಿರುಗಿಸಿ ಒರೆಸಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತಲೂ ಗೀರು ಬಿದ್ದರೆ ಅದು ಬರಹದ ಗೆರೆಯುದ್ದಕ್ಕೂ ಸಾಗಿ ಹೆಚ್ಚು ಅಳಿಸುತ್ತದೆ.

ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. ಹಾಡಿನ ಸಿಡಿಯನ್ನು ತೆರೆದರೆ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂದು ಸಾಲಾಗಿ ಕಾಣುತ್ತವೆ. ಅವನ್ನೇ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತದೆ. ಆದರೆ ಒಂದೊಂದರ ಅಳತೆ ಬರೀ 1 ಕೆಬಿ! ಅವು ಹಾಡಲ್ಲ, ಹಾಡು ಎಲ್ಲಿದೆ ಎಂದು ತೋರಿಸುವ ಕೈಮರ ಮಾತ್ರ. ಹಾಡು ಸಿಡಿಯಲ್ಲೇ ಉಳಿದಿರುತ್ತದೆ. ಹಾಡನ್ನೇ ಇಳಿಸಿಕೊಳ್ಳಲು ವಿಂಡೋಸ್‌ನ ಮೀಡಿಯಾ ಪ್ಲೇಯರಿನಲ್ಲಿ ‘ರಿಪ್ ಸಿಡಿ’ ಎಂಬುದನ್ನು ಒತ್ತಬೇಕು. ಇಳಿದ ಮೇಲೆ ಸಿಡಿ ಹೊರತೆಗೆದು, ಪ್ರತಿ ಹಾಡನ್ನೂ ಕಂಪ್ಯೂಟರಿನಲ್ಲಿ ಕೇಳಿ. ಹಳೆಯ ಸಿಡಿಯನ್ನು ಎಸೆಯಬೇಡಿ, ಅದೇ ಮೂಲ ಪ್ರತಿ.

ಆಮೇಲೆ ಬರೆಯುವುದು. ಖಾಲಿ ತಟ್ಟೆ ಕೊಳ್ಳುವಾಗ ಹೆಸರಿನ ಕೊನೆಗೆ ‘ಆರ್’ ಇರುವುದನ್ನು ಆರಿಸಿ. ಅದರಲ್ಲಿ ಒಂದು ಸಲ ಬರೆದದ್ದನ್ನು ಅಳಿಸಲಾಗದು, ಕಾಪಿಡಬೇಕಾದ್ದಕ್ಕೆ ಅದೇ ಸರಿ. ‘ಆರ್‌ಡಬ್ಲ್ಯೂ’ ಎಂದಿದ್ದರೆ ಅದು ಸ್ಲೇಟಿನ ಹಾಗೆ, ಅಳಿಸಿ ಬರೆಯಬಹುದು. ಖಾಲಿ ತಟ್ಟೆ ಹಾಕಿದಾಗ ವಿಂಡೋಸ್ ಎರಡು ದಾರಿ ತೋರಿಸುತ್ತದೆ: ಪೆನ್‌ಡ್ರೈವ್‌ನಂತೆ ಬಳಸುವುದು, ಇಲ್ಲವೇ ಸಿಡಿ/ಡಿವಿಡಿ ಪ್ಲೇಯರಿನಲ್ಲಿ ಹಾಕುವುದು. ಎರಡನೆಯದನ್ನು ಆರಿಸಿದರೆ ಬೇರೆ ಯಂತ್ರಗಳೂ ಸುಲಭವಾಗಿ ಓದುತ್ತವೆ. ಫೈಲುಗಳನ್ನು ಅದರೊಳಗೆ ಎಳೆದು ಹಾಕಿ, ‘ಬರ್ನ್’ ಒತ್ತಿ. ತೀರಾ ಹೆಚ್ಚಿನ ವೇಗ ಬೇಡ, ನಡುವಿನದು ಸಾಕು. ಬರೆಯುವಾಗ ಲ್ಯಾಪ್‌ಟಾಪ್ ಚಾರ್ಜರಿಗೆ ಚುಚ್ಚಿರಲಿ. ನಡುವೆ ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೆ ಆ ತಟ್ಟೆ ಕೆಟ್ಟಂತೆಯೇ.

ಬರೆಯುವುದಕ್ಕೆ ‘ಬರ್ನ್’, ಅಂದರೆ ಸುಡುವುದು ಎಂಬ ಹೆಸರೇಕೆ? ‘ಆರ್’ ಸಿಡಿಯಲ್ಲಿ ಬಣ್ಣದ ತೆಳುವಾದ ಪದರ ಇರುತ್ತದೆ. ಲೇಸರ್ ಕಿರಣ ಅದನ್ನು ಚುಕ್ಕಿ ಚುಕ್ಕಿಯಾಗಿ ಕಾಯಿಸಿ ಬದಲಿಸುತ್ತದೆ. ಆ ಚುಕ್ಕಿಗಳ ಸಾಲು ನಡುವಿನಿಂದ ಶುರುವಾಗಿ ಚಕ್ಕುಲಿಯಂತೆ ಸುತ್ತುತ್ತ ಅಂಚಿಗೆ ಬರುತ್ತದೆ. ಬಿಡಿಸಿ ನೇರ ಮಾಡಿದರೆ ಉದ್ದ 5 ಕಿಲೋಮೀಟರಿಗೂ ಹೆಚ್ಚು! ಹಿಂದೆ ರೈಟರುಗಳ ಜೊತೆ ಬರುತ್ತಿದ್ದ ಒಂದು ಸಾಫ್ಟ್‌ವೇರಿಗೆ ‘ನೀರೋ’ ಎಂದು ಹೆಸರು. ರೋಮ್ ನಗರ ಹೊತ್ತಿ ಉರಿದಾಗಿನ ದೊರೆ ನೀರೋ. ಸಿಡಿ-ರಾಮ್ ಸುಡುವವನಿಗೆ ತಮಾಷೆಯಾಗಿ ಅವನ ಹೆಸರಿಟ್ಟರು.

ಈಗ ಮಕ್ಕಳಿಗೊಂದು ಲೆಕ್ಕ. ಒಂದು ಸಿಡಿಯಲ್ಲಿ ಹಿಡಿಸುವುದು 700 ಎಂಬಿ. ಹಾಡಿನ ಸಿಡಿಯ ರೀತಿಯಲ್ಲಿ ಬರೆದರೆ ಅದು 80 ನಿಮಿಷ. ಬಯಲಾಟ ರಾತ್ರಿಯಿಡೀ ನಡೆಯುತ್ತದೆ, 8 ಗಂಟೆ ಎಂದುಕೊಂಡರೆ 480 ನಿಮಿಷ. ಎಷ್ಟು ಸಿಡಿ ಬೇಕು? ಆರು. ಅದನ್ನೇ ಸಾಧಾರಣ ಗುಣಮಟ್ಟದ ಎಂಪಿ3 ಫೈಲ್ ಮಾಡಿದರೆ ನಿಮಿಷಕ್ಕೆ ಸುಮಾರು 1 ಎಂಬಿ ಸಾಕು. ಆಗ ಇಡೀ ರಾತ್ರಿಯ ಆಟ ಒಂದೇ ಸಿಡಿಯಲ್ಲಿ ಕೂತು, ಜಾಗವೂ ಮಿಗುತ್ತದೆ. ಆದರೆ ಎಂಪಿ3 ಮಾಡುವಾಗ ದನಿ ಸ್ವಲ್ಪ ಸೊರಗುತ್ತದೆ. ಹಾಗಾಗಿ ಕಾಪಿಡುವ ಪ್ರತಿಯನ್ನು ವೇವ್ ಅಥವಾ ಫ್ಲ್ಯಾಕ್ ಎಂಬ ರೂಪದಲ್ಲಿ ಇಡಿ, ದಿನವೂ ಕೇಳುವುದಕ್ಕೆ ಎಂಪಿ3 ಇರಲಿ.

ಬಳ್ಳಾರಿ ಸೀಮೆಯವರು ನೆನಪಿಡಬೇಕಾದ ಇನ್ನೊಂದು ಮಾತು ಬಿಸಿಲು. ಬಣ್ಣದ ಪದರಕ್ಕೆ ಬಿಸಿಲೂ ಸೆಕೆಯೂ ಶತ್ರು. ಕಿಟಕಿಯ ಮೇಲೆ, ತಗಡಿನ ಚಾವಣಿಯ ಕೆಳಗೆ, ಟ್ರ್ಯಾಕ್ಟರಿನಲ್ಲಿ ಸಿಡಿ ಇಡಬೇಡಿ. ಹೆಸರು ಬರೆದ ಮೇಲ್ಬದಿಯೇ ಗಟ್ಟಿ ಎಂದು ತಿಳಿಯಬೇಡಿ, ಸಿಡಿಯಲ್ಲಿ ಬರಹದ ಪದರ ಇರುವುದು ಆ ಬದಿಯ ತೀರಾ ಹತ್ತಿರ. ಅಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬಾರದು, ಮೆತ್ತನೆಯ ಮಾರ್ಕರ್ ಬಳಸಬೇಕು.

ಯಾವ ತಟ್ಟೆಯೂ ಶಾಶ್ವತವಲ್ಲ. ಅದಕ್ಕೇ ಒಂದು ಪ್ರತಿ ಸಾಲದು, ಮೂರು ಇರಲಿ: ಒಂದು ಸಿಡಿಯಲ್ಲಿ, ಒಂದು ಪೆನ್‌ಡ್ರೈವ್ ಅಥವಾ ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಒಂದು ಮನೆಗೆ ನೀರು ನುಗ್ಗಿದರೂ ಹೊಳೆಯಾಚೆಯ ಮನೆಯಲ್ಲಿ ದನಿ ಉಳಿದಿರುತ್ತದೆ.

ಇಷ್ಟೆಲ್ಲ ತೊಂದರೆ ಏಕೆ ಎನ್ನುವವರಿಗೆ ಒಂದು ಹೆಸರು ಹೇಳುತ್ತೇನೆ. ಅದೇ ಬಳ್ಳಾರಿ ಸೀಮೆಯ ಬುರ್ರಕಥೆಯ ಕಲಾವಿದೆ ದರೋಜಿ ಈರಮ್ಮ. ಓದುಬರಹ ಕಲಿಯದ ಅವರು ದೊಡ್ಡ ದೊಡ್ಡ ಕಥೆಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ಅಂಥವರು ಹಾಡಿದ್ದರಲ್ಲಿ ಯಾರೋ ಬರೆದುಕೊಂಡದ್ದು, ರೆಕಾರ್ಡ್ ಮಾಡಿಕೊಂಡದ್ದು ಮಾತ್ರ ನಮಗೆ ಉಳಿಯುತ್ತದೆ. ನಮ್ಮ ಮನೆಯ ತಾತ, ಅಜ್ಜಿಯರ ಪದಗಳನ್ನು ಬರೆದುಕೊಳ್ಳಲು ಹೊರಗಿನವರು ಬರುವುದಿಲ್ಲ. ಅದು ಮೊಮ್ಮಕ್ಕಳ ಕೆಲಸ.

ಈ ವಾರದ ಕೆಲಸ: ಮನೆಯಲ್ಲಿರುವ ಹಳೆಯ ಸಿಡಿ, ಡಿವಿಡಿಗಳನ್ನೆಲ್ಲ ಒಂದು ಕಡೆ ಸೇರಿಸಿ. ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಡಿನವನ್ನು ಬದಿಗಿಡಿ, ಅವು ಬೇರೆಡೆಯೂ ಸಿಗುತ್ತವೆ. ಮದುವೆ, ಜಾತ್ರೆ, ಆಟ, ಮನೆಯವರ ದನಿ ಇರುವುದನ್ನು ಮೊದಲು ಇಳಿಸಿಕೊಳ್ಳಿ. ಅದನ್ನು ಕೇಳಿಸುವಾಗ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಟ್‌ಬುಕ್‌ನಲ್ಲಿ ಬರೆದಿಡಿ: ಯಾವ ಆಟ, ಯಾವ ಊರು, ಯಾವ ವರ್ಷ, ಹಾಡಿದವರು ಯಾರು, ಹಾರ್ಮೋನಿಯಂ ಯಾರದು, ಮದ್ದಳೆ ಯಾರದು. ದನಿಯನ್ನು ಲೇಸರ್ ಬರೆಯಬಲ್ಲದು. ಆ ಹೆಸರುಗಳನ್ನು ಮಾತ್ರ ತಾತನೇ ಹೇಳಬೇಕು, ನೀವೇ ಬರೆಯಬೇಕು.