ಅಂಗನವಾಡಿಯ ವಯಸ್ಸಾಗದ ಮಗುವನ್ನು ಯಾರು ನೋಡಿಕೊಳ್ಳಬೇಕು?

ನಮ್ಮ ಕರಾವಳಿಯಲ್ಲಿ ಒಂದು ಕಾಲಕ್ಕೆ ಈ ಪ್ರಶ್ನೆ ಹೆಚ್ಚಾಗಿ ಏಳುತ್ತಿರಲಿಲ್ಲ. ತಾಯಿ ಗೇರುಬೀಜದ ಕಾರ್ಖಾನೆಗೋ ಮೀನು ಮಾರಲಿಕ್ಕೋ ಹೋದರೆ ಮಗುವಿಗೆ ಮನೆಯಲ್ಲಿ ಅಜ್ಜಿ ಇರುತ್ತಿದ್ದರು. ಇಂದು ಬಾಡಿಗೆ ಮನೆಯ ಯುವ ದಂಪತಿಗೆ ಒಬ್ಬರ ಸಂಬಳ ಸಾಲುವುದಿಲ್ಲ. ಇಬ್ಬರೂ ದುಡಿಯೋಣವೆಂದರೆ ಮಗುವನ್ನು ನೋಡಿಕೊಳ್ಳುವವರಿಲ್ಲ. ಕೊನೆಗೆ ಕೆಲಸ ಬಿಡುವವಳು ಹೆಚ್ಚಾಗಿ ತಾಯಿಯೇ.

ಸರಕಾರ ಏನೂ ಮಾಡಿಲ್ಲವೆಂದು ನಾವು ಹೇಳುತ್ತಿಲ್ಲ. 1975ರಲ್ಲಿ ಆರಂಭವಾದ ಅಂಗನವಾಡಿ ವ್ಯವಸ್ಥೆ ಹಳ್ಳಿ ಹಳ್ಳಿಗೂ ತಲುಪಿದೆ. ಆದರೆ ಅಲ್ಲಿನ ಶಾಲಾಪೂರ್ವ ಶಿಕ್ಷಣ ಮೂರರಿಂದ ಆರು ವರ್ಷದವರಿಗೆ ಮಾತ್ರ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಪೌಷ್ಟಿಕ ಆಹಾರ ಮನೆಗೆ ಬರುತ್ತದೆ. ತಾಯಿ ಕೆಲಸಕ್ಕೆ ಹೋದರೆ ಅದನ್ನು ಉಣಿಸುವವರು ಯಾರು?

2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಆದರೆ ಮನೆಯಲ್ಲೇ ಬೀಡಿ ಕಟ್ಟುವವರಿಗೆ, ಮೀನು ಮಾರುವವರಿಗೆ, ಮನೆಗೆಲಸದವರಿಗೆ, ಸಣ್ಣ ಅಂಗಡಿಗಳಲ್ಲಿ ದುಡಿಯುವವರಿಗೆ ಇದರಿಂದ ಪ್ರಯೋಜನವಿಲ್ಲ. ರಜೆ ಸಿಕ್ಕವರಿಗೂ ರಜೆ ಮುಗಿದ ಮೇಲೆ ಮಗುವಿಗೆ ಮೂರು ತುಂಬುವ ತನಕದ ಎರಡೂವರೆ ವರ್ಷವೇ ಸಂಕಟದ ಕಾಲ.

ಈ ಅಂತರವನ್ನು ತುಂಬಲು ಎರಡು ಯೋಜನೆಗಳು ಬಂದಿವೆ. 2022ರಲ್ಲಿ ಮಿಷನ್ ಶಕ್ತಿಯಡಿ ರೂಪುಗೊಂಡ ಕೇಂದ್ರದ ‘ಪಾಲನಾ’ ಯೋಜನೆ ತಾಯಿಗೆ ಉದ್ಯೋಗ ಇದೆಯೇ ಎಂದು ನೋಡದೆ ಆರು ತಿಂಗಳಿನಿಂದ ಆರು ವರ್ಷದ ಮಕ್ಕಳಿಗೆ ಅವಕಾಶ ನೀಡುತ್ತದೆ. ಕೇಂದ್ರಗಳು ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ತೆರೆದಿರಬೇಕು. ಎಂಟು ಗಂಟೆಯ ಕೆಲಸದ ಜತೆ ಬಸ್ಸಿನ ಪ್ರಯಾಣವೂ ಇರುವ ತಾಯಿಗೆ ಇದೂ ಸಾಲದು. ನಮ್ಮ ರಾಜ್ಯ ಸರಕಾರ 2023-24ರ ಬಜೆಟಿನಲ್ಲಿ 4,000 ಗ್ರಾಮ ಪಂಚಾಯತುಗಳಿಗೆ ‘ಕೂಸಿನ ಮನೆ’ಯನ್ನು ಘೋಷಿಸಿತು. ಇದರ ಮುಖ್ಯ ಗುರಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಾಗಿದ್ದರು. ಪಟ್ಟಣದ ಬಾಡಿಗೆ ಮನೆಯ ದಂಪತಿ ಇಲ್ಲಿಯೂ ಹೊರಗೇ ಉಳಿದರು.

ಯೋಜನೆಗಳಿವೆ, ಆದರೆ ಕೇಳುವವರು ಕಡಿಮೆ ಎಂಬುದು ನಮ್ಮ ಅಭಿಪ್ರಾಯ. ರಸ್ತೆ, ನೀರಿನ ಬಗ್ಗೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಮಾತನಾಡುವ ನಾವು ಶಿಶುಪಾಲನೆಯನ್ನು ಮನೆಯೊಳಗಿನ ಸಮಸ್ಯೆಯೆಂದು ಬಿಟ್ಟುಬಿಡುತ್ತೇವೆ. ವಾರ್ಡಿನ ಗುರಿಕಾರರು ಮನೆಭೇಟಿಯ ವೇಳೆ ಮೂರು ವರ್ಷದೊಳಗಿನ ಮಕ್ಕಳಿರುವ, ದುಡಿಯುವ ತಾಯಂದಿರ ಪಟ್ಟಿಯನ್ನು ಜಾತಿಮತ ನೋಡದೆ ಮಾಡಲಿ. ಆ ಪಟ್ಟಿಯೊಂದಿಗೆ ಪಂಚಾಯತಿಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಅರ್ಜಿ ಹೋಗಲಿ. ನಮ್ಮ ಸಂಸ್ಥೆಗಳಲ್ಲಿ 50 ನೌಕರರಿದ್ದರೆ ಅಲ್ಲಿ ತೊಟ್ಟಿಲು ಇದೆಯೇ ಎಂದು ಮೊದಲು ನಮ್ಮನ್ನೇ ಕೇಳಿಕೊಳ್ಳೋಣ.